ಊರಿಗೆ ಹೊರಟ ಕಾರಿನಲ್ಲಿ ಬೆದರುವ ಬೆಕ್ಕು

ಮೇ ರಜೆ ಬಂತೆಂದರೆ, ಆಮೇಲೆ ಚೌತಿ ಹತ್ತಿರವಾಯಿತೆಂದರೆ, ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಕನ್ನಡಿಗರ ಕಾರುಗಳು ಊರಿನ ದಾರಿ ಹಿಡಿಯುತ್ತವೆ. ಕರಾವಳಿಯವರು ಪನ್ವೇಲ್‌ನಲ್ಲಿ ರಾಷ್ಟ್ರೀಯ ಹೆದ್ದಾರಿ 66 ಸೇರಿ ಮಹಾಡ್, ಚಿಪ್ಳೂಣ್, ಸಾವಂತವಾಡಿ, ಕಾರವಾರದ ಮೇಲಾಗಿ ಉಡುಪಿ, ಮಂಗಳೂರಿಗೆ ಹೋಗುತ್ತಾರೆ; ಹುಬ್ಬಳ್ಳಿ ಧಾರವಾಡದ ಕಡೆಯವರು ಎಕ್ಸ್‌ಪ್ರೆಸ್‌ವೇ ಹತ್ತಿ ಪುಣೆ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟುತ್ತಾರೆ. ಮಂಗಳೂರಾದರೆ ಸುಮಾರು 900 ಕಿಲೋಮೀಟರ್, ಒಂದು ಹಗಲು ಸಾಲದ ದಾರಿ. ಫ್ಲ್ಯಾಟಿನಲ್ಲಿ ಬೆಕ್ಕು ಸಾಕುವ ಸಂಸಾರಗಳು ಹೆಚ್ಚಿದಂತೆ ಈ ದಾರಿಯಲ್ಲಿ ಬೆಕ್ಕೂ ಸಹಪ್ರಯಾಣಿಕನಾಗಿದೆ. ಕಾರು ಶಿಲ್‌ಫಾಟಾ ದಾಟುವುದರೊಳಗೆ ಅದರ ಅರಚಾಟ ಶುರುವಾಗಿ, ಜೊಲ್ಲು ಸುರಿದು, ವಾಂತಿಯಾಗಿ, ಪನ್ವೇಲ್ ಬರುವಷ್ಟರಲ್ಲಿ ಕಾರಿನಲ್ಲಿದ್ದವರೆಲ್ಲ ಸೋತುಹೋಗುವುದೂ ಉಂಟು. ಆಗ ‘ನಮ್ಮ ಬೆಕ್ಕಿಗೆ ಕಾರು ಆಗಿಬರುವುದಿಲ್ಲ’ ಎಂಬ ತೀರ್ಮಾನಕ್ಕೆ ಬರುತ್ತೇವೆ. ಆ ತೀರ್ಮಾನ ಅವಸರದ್ದು. ಬೆದರುವ ಬೆಕ್ಕಿನ ಪ್ರಯಾಣ ಹೇಗೆ ಸಾಗುತ್ತದೆ ಎಂಬುದರ ಬಹುಪಾಲು, ಹೊರಡುವುದಕ್ಕೆ ಮೊದಲಿನ ಮೂರು ನಾಲ್ಕು ವಾರಗಳಲ್ಲಿ ಮನೆಯೊಳಗೇ ನಿರ್ಧಾರವಾಗಿರುತ್ತದೆ ಎಂಬುದು ಈ ಲೇಖನದ ವಾದ.

ಬೆಕ್ಕಿನ ಹೆದರಿಕೆ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು. ನಮ್ಮ ಮನೆಬೆಕ್ಕು ಪಶ್ಚಿಮ ಏಷ್ಯಾದ ಕಾಡುಬೆಕ್ಕಿನ ಸಂತತಿ ಎಂದು 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿಕೊಟ್ಟಿತು. ಆ ಕಾಡುಬೆಕ್ಕು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ತಾನೇ ಇಲಿ ಹಿಡಿಯುತ್ತದೆ, ತನಗಿಂತ ದೊಡ್ಡ ಪ್ರಾಣಿಗೆ ತಾನೂ ಆಹಾರವಾಗುತ್ತದೆ. ಅಂಥ ಪ್ರಾಣಿಗೆ ಪರಿಚಿತ ಜಾಗವೇ ರಕ್ಷಣೆ. ಬಾಗಿಲ ಚೌಕಟ್ಟು, ಸೋಫಾದ ಮೂಲೆ, ನಮ್ಮ ಕಾಲು, ಎಲ್ಲಕ್ಕೂ ಬೆಕ್ಕು ಕೆನ್ನೆ ಉಜ್ಜುವುದನ್ನು ದಿನಾ ನೋಡುತ್ತೇವೆ. ಕೆನ್ನೆಯ ಗ್ರಂಥಿಗಳ ವಾಸನೆಯನ್ನು ಹಚ್ಚಿ ಅದು ತನ್ನ ಎಲ್ಲೆಯನ್ನು ಗುರುತು ಮಾಡಿಕೊಳ್ಳುತ್ತಿರುತ್ತದೆ. ಕಾರಿನಲ್ಲಿ ಈ ಗುರುತು ಒಂದೂ ಇಲ್ಲ. ನೆಲ ಅಲುಗುತ್ತದೆ, ಪೆಟ್ರೋಲಿನ ವಾಸನೆ, ಲಾರಿಗಳ ಹಾರ್ನು. ಅದೂ ನಮಗಿಂತ ಮೂರು ಪಟ್ಟು ಎತ್ತರದ ಸ್ವರವನ್ನೂ ಕೇಳಬಲ್ಲ ಕಿವಿಗೆ. ಹಾಗೆಂದು ಬೆಕ್ಕಿಗೆ ಮನೆಯೇ ಮುಖ್ಯ, ಮನೆಯವರು ಲೆಕ್ಕಕ್ಕಿಲ್ಲ ಎನ್ನುವ ಹಳೆಯ ಮಾತೂ ಪೂರ್ತಿ ನಿಜವಲ್ಲ. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆಕ್ಕಿನ ಮರಿಗಳನ್ನು ಹೊಸ ಕೋಣೆಯಲ್ಲಿಟ್ಟು ನೋಡಿದರು. ಒಡೆಯರು ಮರಳಿ ಬಂದಾಗ ಸುಮಾರು 64 ಶೇಕಡಾ ಮರಿಗಳು ಅವರನ್ನು ಕಂಡು ನೆಮ್ಮದಿಯಾಗಿ, ಮತ್ತೆ ಸುತ್ತಲನ್ನು ಮೂಸತೊಡಗಿದವು. ನಮ್ಮ ಇರುವಿಕೆಯಿಂದ ಅದಕ್ಕೆ ಧೈರ್ಯ ಬರುತ್ತದೆ, ನಿಜ. ಆದರೆ ಹದಿನೈದು ಗಂಟೆಯ ದಾರಿಗೆ ಆ ಧೈರ್ಯವೊಂದೇ ಸಾಲದು. ಮನೆಯ ಒಂದು ತುಂಡು ಅದರ ಜೊತೆಯಲ್ಲೇ ಹೋಗಬೇಕು.

ಆ ತುಂಡು ಕ್ಯಾರಿಯರ್. ನಾವು ತಪ್ಪುವುದೂ ಇಲ್ಲೇ. ಬಹುತೇಕ ಮನೆಗಳಲ್ಲಿ ಕ್ಯಾರಿಯರ್ ವರ್ಷವಿಡೀ ಲಾಫ್ಟಿನಲ್ಲಿ ಸೂಟ್‌ಕೇಸುಗಳ ಹಿಂದೆ ಬಿದ್ದಿರುತ್ತದೆ. ಕೆಳಗಿಳಿಯುವುದು ಇಂಜೆಕ್ಷನ್ನಿನ ದಿನ ಮಾತ್ರ. ಅದನ್ನು ಕಂಡ ಕೂಡಲೇ ಬೆಕ್ಕು ಮಂಚದಡಿ ಸೇರುತ್ತದೆ. ಒಬ್ಬರು ಪೊರಕೆ ಹಿಡಿದು ಎಬ್ಬಿಸಿ, ಇನ್ನೊಬ್ಬರು ಕುತ್ತಿಗೆ ಹಿಡಿದು, ಉಗುರಿನ ಗೀರು ಬೀಳಿಸಿಕೊಂಡು, ಅಂತೂ ಒಳಗೆ ತುರುಕಿ ಬಾಗಿಲು ಹಾಕುತ್ತಾರೆ. ಹಿಂದೆ ಊರುಗಳಲ್ಲಿ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬರುತ್ತಿದ್ದರು. ದೂರ ಕಳುಹಿಸುವುದಕ್ಕೆಂದೇ ಇದ್ದ ಉಪಾಯ ಅದು. ಮಂಚದಡಿಯಿಂದ ಎಳೆದು ಕ್ಯಾರಿಯರಿಗೆ ತುರುಕಿದಾಗ ಬೆಕ್ಕಿನ ಪಾಲಿಗೆ ಆ ಗೋಣಿಚೀಲಕ್ಕೂ ಇದಕ್ಕೂ ಏನು ವ್ಯತ್ಯಾಸ? ಎಂಜಿನ್ ಚಾಲೂ ಆಗುವ ಮೊದಲೇ ಅದರ ಎದೆ ಬಡಿತ ಏರಿ ನಿಂತಿರುತ್ತದೆ. ಆಮೇಲೆ ಕಾರನ್ನು ಎಷ್ಟು ನಯವಾಗಿ ಓಡಿಸಿದರೂ ಆ ಹೆದರಿಕೆ ಇಳಿಯುವುದು ಕಷ್ಟ.

ಮುಂಚಿನ ಅಭ್ಯಾಸದಿಂದ ಇದು ಬದಲಾಗುತ್ತದೆಯೇ? ವಿಯೆನ್ನಾದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಪರೀಕ್ಷೆಗೆ ಒಡ್ಡಿ, ಫಲಿತಾಂಶವನ್ನು 2018ರಲ್ಲಿ ಪ್ರಕಟಿಸಿದರು. 22 ಬೆಕ್ಕುಗಳಲ್ಲಿ 11ಕ್ಕೆ ಕ್ಯಾರಿಯರಿನ ಅಭ್ಯಾಸ ಮಾಡಿಸಿದರು, ಉಳಿದ 11ಕ್ಕೆ ಮಾಡಿಸಲಿಲ್ಲ. ತಿಂಡಿಯ ಆಸೆ ತೋರಿಸುತ್ತ ಒಟ್ಟು 28 ಪುಟ್ಟ ಪಾಠ. ಆಮೇಲೆ ಎಲ್ಲವನ್ನೂ ಕಾರಿನಲ್ಲಿ ಕೂರಿಸಿ ಡಾಕ್ಟರರ ಕೋಣೆಗೆ ಒಯ್ದರು. ಪಾಠ ಕಲಿತವುಗಳಲ್ಲಿ ಕಾರಿನೊಳಗಿನ ಒತ್ತಡದ ಲಕ್ಷಣಗಳು ಕಡಿಮೆ ಇದ್ದವು. ಅಡಗಿಕೊಳ್ಳುವುದು, ಬಾಯಿ ತೆರೆದು ಏದುಸಿರು ಬಿಡುವುದು ಇಳಿದಿತ್ತು. ಡಾಕ್ಟರರ ತಪಾಸಣೆಯೂ ಬೇಗ ಮುಗಿಯಿತು. ಬೆಕ್ಕು ನಾಯಿಯಂತಲ್ಲ, ಬಾಯಿ ತೆರೆದು ಉಸಿರಾಡಿತೆಂದರೆ ಅದು ಭಯದ ಅಥವಾ ಸೆಕೆಯ ಅಥವಾ ರೋಗದ ಗುರುತು. ಆದ್ದರಿಂದ ಈ ಫಲಿತಾಂಶಕ್ಕೆ ತೂಕವಿದೆ.

ಮನೆಯಲ್ಲಿ ಇದನ್ನು ಮಾಡುವ ಬಗೆ ಸರಳ, ತಾಳ್ಮೆ ಮಾತ್ರ ಬೇಕು. ಮೇಲಿನ ಮುಚ್ಚಳ ಪೂರ್ತಿ ಕಳಚುವ ಗಟ್ಟಿ ಪ್ಲಾಸ್ಟಿಕ್ಕಿನ ಕ್ಯಾರಿಯರ್ ಒಳ್ಳೆಯದು. ಬೆಕ್ಕು ಎದ್ದು ನಿಲ್ಲುವಷ್ಟು, ಸುತ್ತ ತಿರುಗುವಷ್ಟು ಜಾಗವಿರಲಿ. ಮೊದಲ ಕೆಲವು ದಿನ ಮುಚ್ಚಳವೂ ಬೇಡ, ಬಾಗಿಲೂ ಬೇಡ. ಬುಡದ ತಟ್ಟೆಯನ್ನಷ್ಟೇ ಬೆಕ್ಕು ದಿನಾ ಮಲಗುವ ಜಾಗದ ಪಕ್ಕ ಇಟ್ಟು, ಅದರ ಮೈಕೂದಲು ಅಂಟಿದ ಹಳೆಯ ಚಾದರವನ್ನು ಒಗೆಯದೆ ಹಾಸಬೇಕು. ಒಣಮೀನಿನ ಚೂರೋ ಅದಕ್ಕೆ ಪ್ರಿಯವಾದ ಬೇರೆ ತಿಂಡಿಯೋ ಮೊದಲು ಅಂಚಿನಲ್ಲಿ, ಮರುದಿನ ನಡುವೆ, ಆಮೇಲೆ ಹಿಂಬದಿಯ ಮೂಲೆಯಲ್ಲಿ. ಮುಂಗಾಲು ಒಳಗಿಟ್ಟು ಹಿಂಗಾಲು ಹೊರಗೇ ಉಳಿಸಿಕೊಂಡು, ಮೈ ಉದ್ದ ಮಾಡಿ ಕತ್ತು ಚಾಚಿ ತಿನ್ನುತ್ತಿದೆಯೆಂದರೆ ಓಡಲು ಇನ್ನೂ ಸಿದ್ಧವಾಗಿದೆ ಎಂದರ್ಥ, ಅವಸರ ಮಾಡಬಾರದು. ನಾಲ್ಕು ಕಾಲೂ ಒಳಗಿಟ್ಟು, ತಿಂದ ಮೇಲೂ ಅಲ್ಲೇ ಕುಳಿತು ಮುಖ ನೆಕ್ಕಿಕೊಂಡರೆ, ಅಂಚಿಗೆ ಕೆನ್ನೆ ಉಜ್ಜಿದರೆ, ಆ ಪೆಟ್ಟಿಗೆ ಅದರದ್ದಾಯಿತು. ಆಮೇಲೆ ಮುಚ್ಚಳ, ಆಮೇಲೆ ಬಾಗಿಲನ್ನು ಒಂದು ಗಳಿಗೆ ಹಾಕಿ ತೆರೆಯುವುದು, ಎತ್ತಿ ನಾಲ್ಕು ಹೆಜ್ಜೆ ನಡೆಯುವುದು, ಲಿಫ್ಟಿನಲ್ಲಿ ಕೆಳಗೆ ಹೋಗಿ ಬರುವುದು, ನಿಂತ ಕಾರಿನಲ್ಲಿ ಕೂರುವುದು, ಕಡೆಗೆ ಬಿಲ್ಡಿಂಗಿನ ಸುತ್ತ ಒಂದು ಸುತ್ತು. ಯಾವ ಹಂತದಲ್ಲಾದರೂ ಬೆಕ್ಕು ತಿಂಡಿ ಮುಟ್ಟದಿದ್ದರೆ ಹಿಂದಿನ ಹಂತಕ್ಕೆ ಇಳಿಯಬೇಕು. ಮನೆಯಲ್ಲಿ ಎರಡು ಬೆಕ್ಕಿದ್ದರೆ ಎರಡು ಕ್ಯಾರಿಯರ್. ಎಷ್ಟೇ ಸ್ನೇಹವಿದ್ದರೂ ಹೆದರಿದ ಬೆಕ್ಕು ಪಕ್ಕದ್ದರ ಮೇಲೆ ಎರಗುತ್ತದೆ.

ವಿಯೆನ್ನಾದ ಬೆಕ್ಕುಗಳು ಪ್ರಯೋಗಾಲಯದವು, ಅವು ಹೋದದ್ದು ಸಣ್ಣ ದೂರ. ಅದನ್ನು ಮಂಗಳೂರಿನ ದಾರಿಗೆ ಅನ್ವಯಿಸಬಹುದೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಭ್ಯಾಸದಿಂದ ಬೆಕ್ಕು ಪ್ರಯಾಣವನ್ನು ಇಷ್ಟಪಡತೊಡಗುತ್ತದೆ ಎಂದು ಯಾರೂ ಹೇಳಲಾರರು. ಆದರೆ ಉದ್ದದ ಪ್ರಯಾಣದಲ್ಲಿ ಮೊದಲ ಗಂಟೆಯೇ ನಿರ್ಣಾಯಕ. ಆಗ ಹೆದರಿಕೆ ಏರದೆ ಉಳಿದರೆ ಅನೇಕ ಬೆಕ್ಕುಗಳು ಆಮೇಲೆ ಮುದುಡಿ ಮಲಗಿಬಿಡುತ್ತವೆ. ಅಭ್ಯಾಸ ಮಾಡಿಸಿಯೂ ಬೆದರುವ ಬೆಕ್ಕುಗಳಿಗೆ ಔಷಧಿಯಿದೆ, ಅದರ ಬಗ್ಗೆ ನಮ್ಮಲ್ಲಿರುವ ಅಳುಕು ದೂರವಾಗಬೇಕು. ಗ್ಯಾಬಪೆಂಟಿನ್ ಎಂಬ ಔಷಧಿಯ ಪರೀಕ್ಷೆ 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. 20 ಬೆಕ್ಕುಗಳನ್ನು ಎರಡೆರಡು ಬಾರಿ ಡಾಕ್ಟರರಲ್ಲಿಗೆ ಒಯ್ದರು. ಒಮ್ಮೆ ಔಷಧಿ, ಒಮ್ಮೆ ಬರಿಯ ಹುಸಿ ಗುಳಿಗೆ, ಯಾವುದು ಯಾವಾಗ ಎಂಬುದು ಒಡೆಯರಿಗೇ ತಿಳಿಯದಂತೆ. ಔಷಧಿ ಕೊಟ್ಟ ದಿನ ಪ್ರಯಾಣದಲ್ಲೂ ತಪಾಸಣೆಯಲ್ಲೂ ಒತ್ತಡ ಕಡಿಮೆಯಿತ್ತು. ತೂಕಡಿಕೆ, ನಡೆಯುವಾಗ ತೂರಾಟ, ಕೆಲವಕ್ಕೆ ಜೊಲ್ಲು ಕಂಡುಬಂದರೂ ಕೆಲವು ಗಂಟೆಗಳಲ್ಲಿ ಇಳಿದುಹೋಯಿತು. ಬೆಕ್ಕಿನ ಪ್ರಯಾಣದ ಭಯಕ್ಕೆಂದೇ ಪ್ರಿಗ್ಯಾಬಲಿನ್‌ನ ದ್ರವರೂಪದ ಔಷಧಿಗೆ ಯುರೋಪಿನಲ್ಲಿ 2021ರಲ್ಲಿ ಅನುಮತಿ ಸಿಕ್ಕಿತು. ಹಿಂದೆ ಧಾರಾಳವಾಗಿ ಕೊಡುತ್ತಿದ್ದ ಏಸ್‌ಪ್ರೊಮಝಿನ್ ಇಂಥದ್ದಲ್ಲ; ಅದು ಮೈಯನ್ನು ಮಂಕು ಮಾಡುತ್ತದೆ, ಭಯವನ್ನು ಹಾಗೇ ಬಿಡುತ್ತದೆ, ರಕ್ತದೊತ್ತಡವನ್ನೂ ಇಳಿಸುತ್ತದೆ. ಯಾವ ಔಷಧಿ, ಎಷ್ಟು, ಎಂಬುದನ್ನು ಬೆಕ್ಕಿನ ತೂಕ, ವಯಸ್ಸು, ಮೂತ್ರಪಿಂಡದ ಸ್ಥಿತಿ ನೋಡಿ ಪಶುವೈದ್ಯರೇ ಹೇಳಬೇಕು. ಹೊರಡುವ ದಿನಕ್ಕಿಂತ ಮುಂಚೆ ಮನೆಯಲ್ಲೇ ಒಮ್ಮೆ ಕೊಟ್ಟು ನೋಡಿರಬೇಕು. ಘಾಟಿಗೆಂದು ನಮಗಾಗಿ ಇಟ್ಟುಕೊಂಡ ಮಾತ್ರೆಗಳಲ್ಲಿ ಒಂದನ್ನೂ ಬೆಕ್ಕಿಗೆ ಕೊಡಕೂಡದು. ಪ್ಯಾರಾಸಿಟಮಾಲ್ ಅಂತೂ ವಿಷ: ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ, ಒಂದೇ ಗುಳಿಗೆ ಪ್ರಾಣ ತೆಗೆಯಬಲ್ಲದು.

ಪೆಟ್ಟಿಗೆಯಲ್ಲಿ ಕೂಡಿಹಾಕುವುದೇ ಕ್ರೌರ್ಯ, ತೊಡೆಯ ಮೇಲೆ ಕೂರಿಸಿಕೊಂಡರೆ ಸುಮ್ಮನಿರುತ್ತದೆ ಎನ್ನುವವರೂ ಇದ್ದಾರೆ. ಪ್ರೀತಿಯಿಂದ ಬಂದ ಮಾತು, ಆದರೆ ಅಪಾಯದ್ದು. ತೊಡೆಯ ಮೇಲಿನ ಬೆಕ್ಕು ಒಂದು ಹಾರ್ನಿಗೆ ಬೆಚ್ಚಿ ಜಿಗಿದು ಬ್ರೇಕ್ ಪೆಡಲಿನ ಕೆಳಗೆ ನುಗ್ಗಿದರೆ ಖಂಡಾಳಾ ಘಾಟಿನಲ್ಲಿ ಕಾರನ್ನು ತಡೆಯುವುದು ಹೇಗೆ? ಟೋಲ್ ನಾಕೆಯಲ್ಲಿ ಕಿಟಕಿ ಇಳಿಸಿದಾಗ, ಪೆಟ್ರೋಲ್ ಪಂಪಿನಲ್ಲಿ ಮಕ್ಕಳು ಬಾಗಿಲು ತೆರೆದಾಗ ಅದು ಹಾರಿದರೆ ಹೆದ್ದಾರಿಯ ಪೊದೆಯಲ್ಲಿ ಹುಡುಕುವುದು ಎಲ್ಲಿ? ಹೆದರಿದ ಬೆಕ್ಕು ಒಡೆಯರ ದನಿ ಕೇಳಿದರೂ ಅಡಗಿದಲ್ಲಿಂದ ಹೊರಬರುವುದಿಲ್ಲ. ಇನ್ನು ಕ್ರೌರ್ಯದ ಮಾತಿಗೆ ಉತ್ತರ ನೆದರ್ಲೆಂಡಿನಿಂದ ಬಂದಿದೆ. ಅಲ್ಲಿನ ಪ್ರಾಣಿ ಆಶ್ರಯವೊಂದಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗಲು ಒಂದು ಪೆಟ್ಟಿಗೆ ಕೊಟ್ಟು, ಉಳಿದವಕ್ಕೆ ಕೊಡದೆ ನೋಡಿದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಪೆಟ್ಟಿಗೆ ಸಿಕ್ಕವು ಬೇಗ ಹೊಂದಿಕೊಂಡವು. ಹೆದರಿದ ಬೆಕ್ಕಿಗೆ ಬೇಕಾದದ್ದು ಮರೆ. ಆದ್ದರಿಂದ ಕ್ಯಾರಿಯರಿನ ಮೇಲೆ ಗಾಳಿಯಾಡುವ ತೆಳ್ಳನೆಯ ಬಟ್ಟೆ ಹೊದೆಸಿ, ಮುಂದಿನ ಸೀಟಿನ ಹಿಂದೆ ನೆಲದ ಮೇಲೆ ಅಲುಗದಂತೆ ಇಡುವುದು ಕ್ಷೇಮ. ಡಿಕ್ಕಿಯಲ್ಲಿ ಎಂದೂ ಬೇಡ.

ಬೆಕ್ಕನ್ನು ಮನೆಯಲ್ಲೇ ಬಿಟ್ಟು ಹೋಗಬಾರದೇ ಎಂಬ ಆಕ್ಷೇಪವೇ ಎಲ್ಲಕ್ಕಿಂತ ಬಲವಾದದ್ದು, ಅದನ್ನು ಅರ್ಧ ಒಪ್ಪಬೇಕು. ಮದುವೆಗೋ ಪೂಜೆಗೋ ಮೂರು ನಾಲ್ಕು ದಿನ ಹೋಗಿ ಬರುವುದಾದರೆ, ದಿನಕ್ಕೆರಡು ಸಲ ಬಂದು ಊಟ ನೀರು ಇಟ್ಟು ಲಿಟರ್ ಟ್ರೇ ಶುಚಿ ಮಾಡುವ ನೆರೆಯವರಿದ್ದರೆ, ಬೆಕ್ಕಿಗೆ ಮನೆಯೇ ಒಳ್ಳೆಯದು. ತಿಂಗಳಿಡೀ ರಜೆ, ವರ್ಗಾವಣೆ, ಕಾಯಿಲೆಯ ಹಿರಿಯರ ಆರೈಕೆಗೆಂದು ಊರಲ್ಲಿ ನೆಲೆಸುವುದು ಇಂಥ ಸಂದರ್ಭಗಳಲ್ಲಿ ಆ ಉಪಾಯ ನಡೆಯುವುದಿಲ್ಲ. ರೈಲಿದೆ, ಮುಂಬಯಿಯಿಂದಲೇ ಶುರುವಾದ ಆಕಾಸಾ ಏರ್ 2022ರ ನವೆಂಬರ್‌ನಿಂದ ಸಾಕುಪ್ರಾಣಿಗಳನ್ನು ವಿಮಾನದಲ್ಲಿ ಒಯ್ಯುತ್ತಲೂ ಇದೆ. ಆದರೆ ಅಲ್ಲಿನ ಜನಜಂಗುಳಿ, ಕಾಯುವಿಕೆ ಬೆದರುವ ಬೆಕ್ಕಿಗೆ ಕಾರಿಗಿಂತ ಕಷ್ಟ. ಯಾವುದರಲ್ಲಿ ಹೋದರೂ ಒಂದು ಕಾಗದ ಬೇಕು. 1978ರ ಪ್ರಾಣಿ ಸಾಗಾಣಿಕೆ ನಿಯಮಗಳಲ್ಲಿ ನಾಯಿ ಬೆಕ್ಕುಗಳಿಗೆಂದೇ ಒಂದು ಅಧ್ಯಾಯವಿದೆ. ಪ್ರಯಾಣಕ್ಕೆ ಯೋಗ್ಯ, ರೇಬಿಸ್ ಮುಂತಾದ ಸೋಂಕಿನ ಲಕ್ಷಣವಿಲ್ಲ ಎಂಬ ಪಶುವೈದ್ಯರ ಪ್ರಮಾಣಪತ್ರ ಜೊತೆಗಿರಬೇಕೆಂದು ಅದು ಹೇಳುತ್ತದೆ.

ದಾರಿಯಲ್ಲಿ ಮಾಡುವುದು ಹೆಚ್ಚಿಲ್ಲ. ಹೊರಡುವ ನಾಲ್ಕೈದು ಗಂಟೆ ಮುಂಚೆ ಊಟ ನಿಲ್ಲಿಸಿದರೆ ತಿರುವುಗಳಲ್ಲಿ ವಾಂತಿ ಕಡಿಮೆ. ಆದರೆ ದಿನವಿಡೀ ಉಪವಾಸ ಬೇಡ. ಬೆಕ್ಕು, ಅದರಲ್ಲೂ ಕೊಬ್ಬಿದ ಬೆಕ್ಕು, ಒಂದೆರಡು ದಿನಕ್ಕಿಂತ ಹೆಚ್ಚು ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರುತ್ತದೆ. ನಿಂತಾಗ ಕಿಟಕಿ ಬಾಗಿಲು ಮುಚ್ಚಿ, ಎಸಿ ಹಾಕಿಕೊಂಡು ಸ್ವಲ್ಪ ನೀರು, ಒಂದು ಚಮಚ ತೇವದ ಆಹಾರ, ಲಿಟರ್ ಟ್ರೇ ಮುಂದಿಡಬಹುದು. ಅನೇಕ ಬೆಕ್ಕುಗಳು ಮುಟ್ಟುವುದಿಲ್ಲ, ಒತ್ತಾಯ ಬೇಡ. ಬಿಸಿಲಿನ ವಿಷಯದಲ್ಲಿ ಮಾತ್ರ ಕಿಂಚಿತ್ತೂ ಸಡಿಲು ಬೇಡ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಅದರಲ್ಲಿ 80 ಶೇಕಡಾ ಮೊದಲ ಅರ್ಧ ಗಂಟೆಯಲ್ಲೇ ಎಂದು ಸ್ಟ್ಯಾನ್‌ಫರ್ಡ್‌ನ ವೈದ್ಯರು 2005ರಲ್ಲಿ ಅಳೆದು ತೋರಿಸಿದ್ದಾರೆ. ಗಾಜು ಒಂದಿಷ್ಟು ಇಳಿಸಿಟ್ಟರೂ ಹೆಚ್ಚು ಪ್ರಯೋಜನವಾಗಲಿಲ್ಲ. ಮೇ ತಿಂಗಳ ಮಧ್ಯಾಹ್ನ ಕರಾಡಿನಲ್ಲೋ ಕೊಲ್ಹಾಪುರದಲ್ಲೋ ಊಟಕ್ಕೆ ಇಳಿದರೆ ಒಬ್ಬರು ಕಾರಿನಲ್ಲೇ ಉಳಿಯಬೇಕು, ಸರದಿಯಲ್ಲಿ ಉಣ್ಣಬೇಕು. ಸಾಧ್ಯವಿದ್ದರೆ ರಾತ್ರಿ ಹೊರಡುವ ಬದಲು ನಸುಕಿನಲ್ಲೇ ಹೊರಟು, ನಡುವೆ ಒಂದು ರಾತ್ರಿ ತಂಗುವುದು ಓಡಿಸುವವರಿಗೂ ಬೆಕ್ಕಿಗೂ ಹಿತ.

ಊರಿನ ಮನೆಯ ಕಷ್ಟ ಬೇರೆ. ಡೊಂಬಿವಲಿಯ ಏಳನೆಯ ಮಹಡಿಯಲ್ಲಿ ಬೆಳೆದ ಬೆಕ್ಕಿಗೆ ಹಂಚಿನ ಮಾಡು, ತೆರೆದ ಅಂಗಳ, ಬೀದಿನಾಯಿ, ಊರಿನ ಗಡವ ಬೆಕ್ಕು ಯಾವುದೂ ಗೊತ್ತಿಲ್ಲ. ಬಂದ ಕೂಡಲೇ ನೆಂಟರಿಷ್ಟರ ನಡುವೆ ಬಿಡದೆ, ಕಿಟಕಿ ಭದ್ರವಿರುವ ಒಂದು ಕೋಣೆಯಲ್ಲಿ ಕ್ಯಾರಿಯರಿನ ಬಾಗಿಲು ತೆರೆದಿಟ್ಟು, ಅದಾಗಿಯೇ ಹೊರಬರಲು ಬಿಡಬೇಕು. ಕೆಲವು ದಿನ ಆ ಕೋಣೆಯೇ ಅದರ ಲೋಕವಾಗಿರಲಿ. ಗಂಡುಬೆಕ್ಕಾದರೆ ಉಚ್ಚೆಯ ಮೇಲೆ ಕಣ್ಣಿಡಬೇಕು. ಒತ್ತಡದಿಂದ ಮೂತ್ರನಾಳ ಕಟ್ಟಿಕೊಳ್ಳುವ ಕಾಯಿಲೆ ಅವಕ್ಕೆ ಬೇಗ ಬರುತ್ತದೆ. ಟ್ರೇಯಲ್ಲಿ ಮತ್ತೆ ಮತ್ತೆ ಕೂತು ತಿಣುಕಿದರೂ ಹನಿ ಬೀಳದಿದ್ದರೆ ಬೆಳಗಾಗಲೆಂದು ಕಾಯದೆ ಡಾಕ್ಟರರಲ್ಲಿಗೆ ಒಯ್ಯಬೇಕು. ಹಳ್ಳಿಯ ಪಶು ಆಸ್ಪತ್ರೆಗಳಲ್ಲಿ ದನಕರುಗಳ ಚಿಕಿತ್ಸೆಯೇ ಹೆಚ್ಚು, ಆದ್ದರಿಂದ ಬೆಕ್ಕನ್ನು ನೋಡುವ ಹತ್ತಿರದ ಪಶುವೈದ್ಯರು ಯಾರೆಂದು ಠಾಣೆಯಿಂದ ಹೊರಡುವ ಮೊದಲೇ ವಿಚಾರಿಸಿ, ಅವರ ನಂಬರ್ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕ್ಯಾರಿಯರನ್ನು ಅಲ್ಲಿ ಅಟ್ಟಕ್ಕೆ ಏರಿಸಬಾರದು, ರಜೆ ಮುಗಿಯುವವರೆಗೂ ಕೋಣೆಯಲ್ಲೇ ಇದ್ದು, ದಿನಕ್ಕೊಮ್ಮೆಯಾದರೂ ಬೆಕ್ಕಿಗೆ ಅದರೊಳಗೇ ತಿಂಡಿ ಸಿಗುತ್ತಿರಬೇಕು.