ಗುಣವಾಯಿತೆಂಬ ಸಂಗತಿ, ಗುಣಪಡಿಸಿತೆಂಬ ತೀರ್ಮಾನ

“ಈ ಔಷಧವನ್ನು ಸೇವಿಸಿದೆ, ರೋಗ ಗುಣವಾಯಿತು” ಎನ್ನುವವನ ಮಾತು ಸುಳ್ಳೆಂದು ಭಾವಿಸಲು ಕಾರಣವಿಲ್ಲ. ಅವನು ತನಗಾದ ಅನುಭವವನ್ನೇ ಹೇಳುತ್ತಿರುತ್ತಾನೆ. ಆದರೆ ರೋಗ ಗುಣವಾಯಿತೆಂಬುದು ಒಂದು ಸಂಗತಿ. ಔಷಧವೇ ಅದನ್ನು ಗುಣಪಡಿಸಿತೆಂಬುದು ಒಂದು ತೀರ್ಮಾನ. ಕಾಗೆ ಕುಳಿತೊಡನೆ ತಾಳೆಯ ಹಣ್ಣು ಬಿದ್ದರೆ ಕಾಗೆಯೇ ಅದನ್ನು ಬೀಳಿಸಿತೆನ್ನಲಾಗದೆಂದು ನಮ್ಮ ಹಿರಿಯರು ಕಾಕತಾಲೀಯ ನ್ಯಾಯದಲ್ಲಿ ಸೂಚಿಸಿದ್ದಾರೆ. ಕಾಗೆ ಕುಳಿತುಕೊಳ್ಳದೆ ಇದ್ದಿದ್ದರೆ ಹಣ್ಣು ಬೀಳುತ್ತಿತ್ತೆ? ಸಾಕ್ಷ್ಯವಿಮರ್ಶೆಯು ಆರಂಭವಾಗುವುದು ಈ ಪ್ರಶ್ನೆಯಿಂದ.

ಒಬ್ಬ ರೋಗಿಯ ಅನುಭವದಿಂದ ಇದಕ್ಕೆ ಉತ್ತರ ದೊರೆಯದು. ಅವನು ಏಕಕಾಲದಲ್ಲಿ ಔಷಧವನ್ನು ಸೇವಿಸಿದವನೂ ಸೇವಿಸದವನೂ ಆಗಲಾರನು. ಆದುದರಿಂದ ಎಲ್ಲ ವಿಧದಲ್ಲಿಯೂ ಸಮಾನರೆನ್ನಬಹುದಾದ ಎರಡು ಗುಂಪುಗಳು ಬೇಕಾಗುತ್ತವೆ. ಕ್ಷಯರೋಗ ಚಿಕಿತ್ಸೆಯ ಚರಿತ್ರೆಯು ಇದಕ್ಕೆ ಉತ್ತಮ ನಿದರ್ಶನವನ್ನು ಒದಗಿಸುತ್ತದೆ.

ಸ್ಟ್ರೆಪ್ಟೋಮೈಸಿನ್ ಹೊಸದಾಗಿ ಬಂದಾಗ ಅದು ಬ್ರಿಟನ್ನಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ದೊರೆಯುತ್ತಿತ್ತು. ಅಲ್ಲಿನ ವೈದ್ಯಕೀಯ ಸಂಶೋಧನ ಮಂಡಲಿಯು ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರ ನೆರವಿನಿಂದ ನಡೆಸಿದ ಪರೀಕ್ಷೆಯ ಫಲಿತಾಂಶವು ೧೯೪೮ರಲ್ಲಿ ಪ್ರಕಟವಾಯಿತು. ರೋಗಿಗಳು ೧೦೭ ಮಂದಿ. ೫೫ ಮಂದಿಗೆ ಔಷಧ ಮತ್ತು ವಿಶ್ರಾಂತಿ, ೫೨ ಮಂದಿಗೆ ವಿಶ್ರಾಂತಿ ಮಾತ್ರ. ಯಾರು ಯಾವ ಗುಂಪಿಗೆ ಸೇರಬೇಕೆಂಬುದನ್ನು ವೈದ್ಯರ ಇಚ್ಛೆಗೆ ಬಿಡದೆ, ಮುಚ್ಚಿದ ಲಕೋಟೆಗಳಲ್ಲಿದ್ದ ಯಾದೃಚ್ಛಿಕ ಕ್ರಮದಿಂದ ನಿರ್ಧರಿಸಲಾಯಿತು. ಕ್ಷ-ಕಿರಣ ಚಿತ್ರಗಳನ್ನು ಪರಿಶೀಲಿಸಿದವರಿಗೆ ಅವು ಯಾವ ಗುಂಪಿನವರ ಚಿತ್ರಗಳೆಂಬುದು ತಿಳಿದಿರಲಿಲ್ಲ. ಆರು ತಿಂಗಳಲ್ಲಿ ಮೊದಲನೆಯ ಗುಂಪಿನಲ್ಲಿ ೪ ಮಂದಿಯೂ ಎರಡನೆಯದರಲ್ಲಿ ೧೪ ಮಂದಿಯೂ ಮೃತಪಟ್ಟರು. ಚಿತ್ರಗಳಲ್ಲಿ ಗಣನೀಯ ಸುಧಾರಣೆ ಕಂಡುಬಂದುದು ಅನುಕ್ರಮವಾಗಿ ೨೮ ಮತ್ತು ೪ ಮಂದಿಯಲ್ಲಿ.

ಈ ಕೊನೆಯ ನಾಲ್ವರನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಔಷಧವಿಲ್ಲದೆಯೂ ಅವರ ಸ್ಥಿತಿ ಬಹಳ ಸುಧಾರಿಸಿತು. ಅವರು ಆ ದಿನಗಳಲ್ಲಿ ಯಾವುದಾದರೂ ಕಷಾಯವನ್ನು ಕುಡಿದಿದ್ದರೆ, ಅದರ ಮಹಿಮೆಗೆ ಪ್ರಾಮಾಣಿಕವಾದ ನಾಲ್ಕು ಸಾಕ್ಷಿಗಳು ದೊರೆಯುತ್ತಿದ್ದರು. ಇನ್ನುಳಿದ ನಲವತ್ತೆಂಟು ಮಂದಿಯ ಮಾತು ನಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಹೋಲಿಕೆಯು ಜನಸಾಮಾನ್ಯರ ನಂಬಿಕೆಯನ್ನು ಮಾತ್ರವಲ್ಲ, ಪಂಡಿತರ ನಂಬಿಕೆಯನ್ನೂ ಒರೆಗೆ ಹಚ್ಚುತ್ತದೆ. ಶುದ್ಧವಾದ ಗಾಳಿ, ಪುಷ್ಟಿಕರವಾದ ಆಹಾರ, ದೀರ್ಘಕಾಲದ ವಿಶ್ರಾಂತಿ ಇವಿಲ್ಲದೆ ಕ್ಷಯವು ಗುಣವಾಗದೆಂಬುದು ವೈದ್ಯರಲ್ಲಿ ಬಹುಕಾಲ ಬೇರೂರಿದ್ದ ಅಭಿಪ್ರಾಯ. ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆರೋಗ್ಯಧಾಮದಂತಹ ಸಂಸ್ಥೆಗಳು ಹುಟ್ಟಿದುದು ಆ ಕಾಲದಲ್ಲಿ. ಆದರೆ ಭಾರತದಲ್ಲಿ ರೋಗಿಗಳು ಲಕ್ಷಾಂತರ, ಹಾಸಿಗೆಗಳು ಅತಿವಿರಳ. ಹೀಗಿರಲು, ೧೯೫೬ರಲ್ಲಿ ಮದ್ರಾಸಿನಲ್ಲಿ ಸ್ಥಾಪಿತವಾದ ಕ್ಷಯರೋಗ ಔಷಧಚಿಕಿತ್ಸಾ ಕೇಂದ್ರವು, ವಾಲೆಸ್ ಫಾಕ್ಸ್ ಅವರ ನೇತೃತ್ವದಲ್ಲಿ, ಸುಮಾರು ೧೯೦ ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ ಒಂದನ್ನು ಆರೋಗ್ಯಧಾಮದಲ್ಲಿಯೂ ಇನ್ನೊಂದನ್ನು ಅವರವರ ಮನೆಗಳಲ್ಲಿಯೂ ಇರಿಸಿತು. ಔಷಧಗಳು ಎರಡೂ ಕಡೆ ಒಂದೇ.

ಆರೋಗ್ಯಧಾಮದವರಿಗೆ ಉತ್ತಮ ಆಹಾರ ದೊರೆಯಿತು. ಅವರ ತೂಕವೂ ಹೆಚ್ಚಾಗಿ ಏರಿತು. ಮನೆಯವರದು ಇಕ್ಕಟ್ಟಾದ ವಸತಿ, ಬಡತನದ ಊಟ. ಆದರೂ ೧೯೫೯ರಲ್ಲಿ ಪ್ರಕಟವಾದ ವರದಿಯಂತೆ, ವರ್ಷಾಂತ್ಯದಲ್ಲಿ ರೋಗ ಶಮನವಾದವರ ಪ್ರಮಾಣವು ಆರೋಗ್ಯಧಾಮದಲ್ಲಿ ಶೇಕಡ ೯೨, ಮನೆಗಳಲ್ಲಿ ಶೇಕಡ ೮೬. ಇಷ್ಟು ಸಣ್ಣ ಗುಂಪುಗಳಲ್ಲಿ ಈ ಅಂತರವು ಕೇವಲ ಆಕಸ್ಮಿಕವಾಗಿಯೂ ಉಂಟಾಗಬಹುದು. ಮನೆಯಲ್ಲಿದ್ದ ರೋಗಿಗಳಿಂದ ಕುಟುಂಬದವರಿಗೆ ಅಧಿಕ ಅಪಾಯವೂ ಕಂಡುಬರಲಿಲ್ಲ. ಹಾಸಿಗೆ ದೊರೆಯದ ಬಡವನಿಗೂ ಚಿಕಿತ್ಸೆ ಸಾಧ್ಯವೆಂಬುದು ಹೀಗೆ ಸಿದ್ಧವಾಯಿತು; ಭಾರತದ ಕ್ಷಯನಿಯಂತ್ರಣ ಕಾರ್ಯಕ್ರಮವು ಮನೆಚಿಕಿತ್ಸೆಯನ್ನು ಆಧರಿಸಿ ಬೆಳೆಯಿತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಈ ಫಲಿತಾಂಶದಿಂದ ಆಹಾರವು ನಿಷ್ಪ್ರಯೋಜಕವೆಂದು ಸಾಧಿಸಹೊರಟರೆ ಅದು ಅವಿಚಾರವಾದೀತು. ಮದ್ರಾಸಿನ ಪರೀಕ್ಷೆಯ ಪ್ರಶ್ನೆ, ಸರಿಯಾದ ಔಷಧವನ್ನು ಪಡೆಯುತ್ತಿರುವವನಿಗೆ ಆರೋಗ್ಯಧಾಮವು ಅನಿವಾರ್ಯವೇ ಎಂಬುದಷ್ಟೆ. ರೋಗಿಯ ಮನೆಯವರಿಗೆ ಆಹಾರವನ್ನು ಒದಗಿಸಿದರೆ ಅವರಿಗೆ ರೋಗ ತಗಲುವುದು ಕಡಮೆಯಾಗುವುದೇ ಎಂಬುದು ಬೇರೆಯೇ ಪ್ರಶ್ನೆ. ಝಾರ್ಖಂಡದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೆಚ್ಚಿನ ಆಹಾರವನ್ನು ಪಡೆದ ಕುಟುಂಬಗಳಲ್ಲಿ ಹೊಸದಾಗಿ ರೋಗಕ್ಕೆ ಗುರಿಯಾಗುವವರ ಪ್ರಮಾಣವು ಸುಮಾರು ಶೇಕಡ ೩೯ರಷ್ಟು ಇಳಿಯಿತು. ಎರಡು ಫಲಿತಾಂಶಗಳಲ್ಲಿ ವಿರೋಧವಿಲ್ಲ, ಪ್ರಶ್ನೆಗಳೇ ಬೇರೆ.

ವಿಜ್ಞಾನವನ್ನು ಜನರಿಗೆ ತಿಳಿಸುವುದೆಂದರೆ ಸಿದ್ಧಾಂತಗಳ ಪಟ್ಟಿಯನ್ನು ಒಪ್ಪಿಸುವುದಲ್ಲ. ಹೋಲಿಸಿದುದು ಯಾವುದರೊಡನೆ? ಗುಂಪುಗಳನ್ನು ವಿಂಗಡಿಸಿದ ಕ್ರಮವೇನು? ಗುಣವಾಗದವರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ? ಕೇಳಿದ ಪ್ರಶ್ನೆಗೂ ಹೇಳುತ್ತಿರುವ ತೀರ್ಮಾನಕ್ಕೂ ಹೊಂದಿಕೆಯಿದೆಯೆ? ಇವನ್ನು ಕೇಳಲು ಪ್ರಯೋಗಶಾಲೆ ಬೇಕಿಲ್ಲ. ಯಾವ ವಿಷಯವನ್ನು ಬೋಧಿಸುವ ಅಧ್ಯಾಪಕರಾದರೂ ವಾರಕ್ಕೊಂದು ಜಾಹೀರಾತನ್ನೋ ಪತ್ರಿಕೆಯ ಸುದ್ದಿಯನ್ನೋ ತರಗತಿಗೆ ತಂದು, ವಿದ್ಯಾರ್ಥಿಗಳಿಂದ ಈ ನಾಲ್ಕು ಪ್ರಶ್ನೆಗಳನ್ನು ಕೇಳಿಸಬಹುದು. ಈ ಅಭ್ಯಾಸವುಳ್ಳ ವಿದ್ಯಾರ್ಥಿಯು ತನ್ನ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಾಗ, ಯಾರ ಮಾತಿಗೆ ಹಣವನ್ನೂ ಕಾಲವನ್ನೂ ಒಪ್ಪಿಸಬೇಕೆಂಬುದನ್ನು ವಿವೇಚನೆಯಿಂದ ನಿರ್ಣಯಿಸಬಲ್ಲನು.