ಎರಡು ಉಳಿದರೆ ಅರ್ಧವೇ?
ಸಂಭವನೀಯತೆಯ ಒಗಟುಗಳೂ ನಮ್ಮ ವಾದಗಳೂ

ಒಗಟು ನಮ್ಮ ನಾಡಿನ ಮನೆಗಳಿಗೆ ಹೊಸತಲ್ಲ. ಬೆಳದಿಂಗಳಲ್ಲಿ ಮನೆಯವರೆಲ್ಲ ಅಂಗಳದಲ್ಲಿ ಕುಳಿತಾಗ, ಮದುವೆಯ ಮನೆಯಲ್ಲಿ ಬೀಗರು ಎದುರುಬದುರಾದಾಗ ಒಗಟು ಹೇಳುವುದು, ಬಿಡಿಸುವುದು ಹಿರಿಯರ ಕಾಲದಿಂದ ನಡೆದುಬಂದ ವಿನೋದ. ಅಂಥ ಒಗಟಿಗೆ ಉತ್ತರ ದೊರೆತೊಡನೆ ಎಲ್ಲರೂ ನಗುತ್ತಾರೆ. ಆದರೆ ಉತ್ತರ ಹೇಳಿದ ಮೇಲೆ ಜಗಳ ಆರಂಭವಾಗುವ ಒಗಟುಗಳೂ ಉಂಟು. ಅವು ಗಣಿತಶಾಸ್ತ್ರದಲ್ಲಿ ‘ಷರತ್ತುಬದ್ಧ ಸಂಭವನೀಯತೆ’ ಎಂಬ ವಿಭಾಗಕ್ಕೆ ಸೇರಿದವು. ‘ಇಂಥದು ನಡೆದಿದೆ ಎಂದು ತಿಳಿದ ಮೇಲೆ ಅಂಥದು ಇರುವ ಸಂಭವ ಎಷ್ಟು?’ ಎಂದು ಕೇಳುವ ಪ್ರಶ್ನೆಗಳೆಲ್ಲ ಈ ಜಾತಿಯವು.

ಒಮ್ಮೆ ಕಾರ್ತಿಕ ಮಾಸದಲ್ಲಿ ಚಾಮರಾಜನಗರದ ಮಠವೊಂದರಲ್ಲಿ ಪ್ರಸಾದ ಮುಗಿಸಿ ನಾವು ಐದಾರು ಮಂದಿ ಜಗಲಿಯ ಮೇಲೆ ಕುಳಿತಿದ್ದೆವು. ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಮೂರು ಬಟ್ಟಲುಗಳನ್ನು ಬೋರಲು ಹಾಕಿ, ನಮಗೆ ಕಾಣದಂತೆ ಒಂದರ ಕೆಳಗೆ ಅರಿಸಿನದ ಕೊಂಬನ್ನು ಇಟ್ಟರು. “ಒಂದನ್ನು ಆರಿಸಿ” ಎಂದರು. ಗುಂಡ್ಲುಪೇಟೆ ಕಡೆಯ ಬಾಳೆ ಬೆಳೆಗಾರರೊಬ್ಬರು ಒಂದರ ಮೇಲೆ ಕೈಯಿಟ್ಟರು. ಮೇಷ್ಟ್ರು ಉಳಿದ ಎರಡರಲ್ಲಿ ಒಂದನ್ನು ಎತ್ತಿ ತೋರಿಸಿದರು, ಅದು ಬರಿದಾಗಿತ್ತು. “ಈಗ ಹೇಳಿ, ನಿಮ್ಮ ಬಟ್ಟಲಿನಲ್ಲೇ ಇರುತ್ತೀರೋ, ಇನ್ನೊಂದಕ್ಕೆ ಬದಲಾಯಿಸುತ್ತೀರೋ?”

“ಉಳಿದಿರೋದು ಎರಡು ಬಟ್ಲು ಕಣಾ ಮೇಷ್ಟ್ರೇ, ಅರ್ಧಕ್ಕೆ ಅರ್ಧ. ಬದಲಾಯಿಸಿ ಆಗಬೇಕಾದ್ದೇನು?” ಎಂದರು ಬೆಳೆಗಾರರು. ಮೇಷ್ಟ್ರು ತಲೆಯಾಡಿಸಿ, ಬದಲಾಯಿಸಿದರೆ ಮೂರರಲ್ಲಿ ಎರಡು ಪಾಲು ಗೆಲುವು ಎಂದರು. ಮಠದ ಪಾಠಶಾಲೆಯಲ್ಲಿ ತರ್ಕ ಓದಿದವನೆಂಬ ಅಭಿಮಾನದಿಂದ ನಾನು ಬೆಳೆಗಾರರ ಪಕ್ಷವನ್ನೇ ಹಿಡಿದೆ. ಧ್ವನಿಗಳು ಏರಿದವು. ಬಡಿಸುತ್ತಿದ್ದ ಹುಡುಗರು ಬಂದು ನಿಂತು ನೋಡತೊಡಗಿದರು.

ಮಾತಿಗಿಂತ ಪರೀಕ್ಷೆಯೇ ಲೇಸೆಂದು ಮೂವತ್ತು ಬಾರಿ ಆಡಿ ನೋಡಿದೆವು. ಪ್ರತಿ ಬಾರಿಯೂ ಬದಲಾಯಿಸಿದ ಬೆಳೆಗಾರರಿಗೆ ಹತ್ತೊಂಬತ್ತು ಬಾರಿ ಅರಿಸಿನ ದೊರೆಯಿತು. ನಾನು ಸುಮ್ಮನಾದೆ.

ಕಾರಣ ಸರಳವಾದುದು. ಮೊದಲು ಕೈಯಿಟ್ಟ ಬಟ್ಟಲಿನಲ್ಲಿ ಅರಿಸಿನವಿರುವ ಸಂಭವ ಮೂರರಲ್ಲೊಂದು. ಉಳಿದೆರಡರಲ್ಲಿ ಎಲ್ಲೋ ಒಂದು ಕಡೆ ಇರುವ ಸಂಭವ ಮೂರರಲ್ಲಿ ಎರಡು. ಅರಿಸಿನ ಎಲ್ಲಿದೆಯೆಂದು ಬಲ್ಲ ಮೇಷ್ಟ್ರು ಬರಿದಾದುದನ್ನೇ ನೋಡಿ ಎತ್ತುತ್ತಾರೆ. ನಾವು ಆರಿಸಿದುದರಲ್ಲಿ ಅರಿಸಿನವಿದ್ದರೆ ಅವರು ಎರಡರಲ್ಲಿ ಯಾವುದನ್ನಾದರೂ ಎತ್ತಬಹುದು. ಇಲ್ಲದಿದ್ದರೆ ಅವರಿಗೆ ಆಯ್ಕೆಯೇ ಇಲ್ಲ, ಒಂದನ್ನೇ ಎತ್ತಬೇಕು. ಹೀಗಾಗಿ ಅವರು ಎತ್ತದೆ ಬಿಟ್ಟ ಬಟ್ಟಲಿನ ಮೇಲೆ ಆ ಎರಡು ಪಾಲೂ ಬಂದು ನಿಲ್ಲುತ್ತದೆ.

ಈ ಒಗಟಿಗೆ ಸೋತವನು ನಾನೊಬ್ಬನೇ ಅಲ್ಲವೆಂಬುದು ನನಗೆ ಸಮಾಧಾನ. ೧೯೭೫ರಲ್ಲಿ ಸ್ಟೀವ್ ಸೆಲ್ವಿನ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞರು ಇದನ್ನು ವಿದ್ವತ್ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅಲ್ಲಿಯ ಒಂದು ದೂರದರ್ಶನ ಆಟದ ನಿರೂಪಕರಾಗಿದ್ದ ಮಾಂಟಿ ಹಾಲ್ ಅವರ ಹೆಸರೇ ಇದಕ್ಕೆ ಅಂಟಿಕೊಂಡಿದೆ. ೧೯೯೦ರ ಸೆಪ್ಟೆಂಬರಿನಲ್ಲಿ ‘ಪೆರೇಡ್’ ಎಂಬ ಪತ್ರಿಕೆಯಲ್ಲಿ ಮರ್ಲಿನ್ ವಾಸ್ ಸಾವಂತ್ ಎಂಬ ಅಂಕಣಕಾರ್ತಿ ಬದಲಾಯಿಸುವುದೇ ಸರಿ ಎಂದು ಬರೆದಾಗ ಸುಮಾರು ಹತ್ತು ಸಾವಿರ ಪತ್ರಗಳು ಬಂದವು. ಬಹುಪಾಲು ಆಕೆಯದು ತಪ್ಪೆಂದು ಹೇಳುವ ಪತ್ರಗಳು. ಬರೆದವರಲ್ಲಿ ಸಾವಿರದಷ್ಟು ಮಂದಿ ಡಾಕ್ಟರೇಟ್ ಪದವೀಧರರು. ಜಗತ್ಪ್ರಸಿದ್ಧ ಗಣಿತಜ್ಞ ಪಾಲ್ ಎರ್ಡೋಶ್ ಅವರೂ ಮೊದಲು ಒಪ್ಪಲಿಲ್ಲ. ಕಂಪ್ಯೂಟರಿನಲ್ಲಿ ಆಟವನ್ನು ಮತ್ತೆ ಮತ್ತೆ ಆಡಿಸಿ ತೋರಿಸಿದ ಮೇಲೆಯೇ ಮಣಿದರು.

ಇಷ್ಟು ಬಲ್ಲವರೂ ಏಕೆ ತಪ್ಪುತ್ತಾರೆ? ವಿಚಾರಿಸಿದರೆ ಮೂರು ಕಾರಣಗಳು ತೋರುತ್ತವೆ.

ಮೊದಲನೆಯದು, ಉಳಿದುದನ್ನು ಸಮಪಾಲು ಮಾಡುವ ಮನಸ್ಸಿನ ಅಭ್ಯಾಸ. ಇಬ್ಬರು ಅಣ್ಣತಮ್ಮಂದಿರಿದ್ದರೆ ಆಸ್ತಿ ಎರಡು ಪಾಲು. ಎರಡು ಬಟ್ಟಲು ಉಳಿದರೆ ಸಂಭವವೂ ಎರಡು ಪಾಲು ಎಂದು ಮನಸ್ಸು ಕೇಳದೆಯೇ ಹಂಚಿಬಿಡುತ್ತದೆ.

ಎರಡನೆಯದು, ತಿಳಿವು ಬಂದ ದಾರಿಯನ್ನು ಮರೆಯುವುದು. ನಮ್ಮ ಬೆಳೆಗಾರರು ಸೋಲೊಪ್ಪದೆ ಒಂದು ಒಳ್ಳೆಯ ಮಾತು ಹೇಳಿದರು: “ಎಲ್ಲಿದೆ ಅಂತ ಗೊತ್ತಿರೋ ನೀವು ಎತ್ತಬೇಡಿ, ಏನೂ ಅರಿಯದ ಈ ಮಗು ಎತ್ತಲಿ.” ಮಗು ಎತ್ತಿದಾಗ ಕೆಲವು ಬಾರಿ ಅರಿಸಿನವೇ ಹೊರಬಿತ್ತು. ಅವನ್ನು ಬಿಟ್ಟು, ಬರಿದಾದ ಬಟ್ಟಲು ಎದ್ದ ಆಟಗಳನ್ನಷ್ಟೇ ಲೆಕ್ಕ ಹಿಡಿದರೆ ಆಗ ನಿಜವಾಗಿಯೂ ಅರ್ಧಕ್ಕೆ ಅರ್ಧ! ಕಣ್ಣಿಗೆ ಕಂಡ ದೃಶ್ಯ ಎರಡು ಕಡೆಯೂ ಒಂದೇ. ಉತ್ತರ ಮಾತ್ರ ಬೇರೆ. ಹಾಗಾದರೆ ಅಂದಿನ ಅರ್ಧ ಜಗಳ ಲೆಕ್ಕದ್ದಲ್ಲ, ಪ್ರಶ್ನೆಯದು. ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಪ್ರಶ್ನೆಯಿತ್ತು.

ಈ ಸೂಕ್ಷ್ಮವನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಕನ್ನಡ ನೆಲದಲ್ಲಿ ಹುಟ್ಟಿದ ಮಹನೀಯರೊಬ್ಬರಿದ್ದಾರೆ. ೧೯೨೦ರಲ್ಲಿ ಹೂವಿನಹಡಗಲಿಯಲ್ಲಿ ಜನಿಸಿ ೨೦೨೩ರಲ್ಲಿ ನಿಧನರಾದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು, ಮಾಹಿತಿ ನಮ್ಮ ಕೈಗೆ ಸಿಕ್ಕ ಬಗೆಯೇ ಅದರ ಅರ್ಥವನ್ನು ಬದಲಿಸುತ್ತದೆ ಎಂಬುದನ್ನು ೧೯೬೫ರ ಒಂದು ಪ್ರಬಂಧದಲ್ಲಿ ವಿಸ್ತರಿಸಿದರು. ಅದರ ತಿರುಳನ್ನು ನಮ್ಮೂರಿನ ಉದಾಹರಣೆಯಿಂದ ನೋಡೋಣ. ಎರಡೇ ಮಕ್ಕಳಿರುವ ನಾಲ್ಕು ಮನೆಗಳಿವೆ ಎಂದಿಟ್ಟುಕೊಳ್ಳಿ: ಗಂಡು–ಗಂಡು, ಗಂಡು–ಹೆಣ್ಣು, ಹೆಣ್ಣು–ಗಂಡು, ಹೆಣ್ಣು–ಹೆಣ್ಣು. ಮನೆಮನೆಗೆ ಹೋಗಿ “ಗಂಡು ಮಗುವುಂಟೇ?” ಎಂದು ಕೇಳಿದರೆ ಮೂರು ಮನೆಯವರು ಹೌದೆನ್ನುತ್ತಾರೆ, ಅದರಲ್ಲಿ ಎರಡೂ ಗಂಡಾದ ಮನೆ ಒಂದೇ, ಎಂದರೆ ಮೂರರಲ್ಲೊಂದು. ಶಾಲೆಯ ಬಾಗಿಲಲ್ಲಿ ನಿಂತು ಗಂಡುಹುಡುಗರನ್ನು “ನಿನಗೆ ಅಣ್ಣತಮ್ಮನುಂಟೇ?” ಎಂದು ಕೇಳಿದರೆ ಸಿಗುವ ಹುಡುಗರು ನಾಲ್ವರು, ಅವರಲ್ಲಿ ಇಬ್ಬರು ಹೌದೆನ್ನುತ್ತಾರೆ, ಎಂದರೆ ಎರಡರಲ್ಲೊಂದು. ‘ಆ ಮನೆಯಲ್ಲಿ ಒಂದು ಗಂಡು ಮಗುವಿದೆ’ ಎಂಬ ಸುದ್ದಿ ಎರಡು ಕಡೆಯೂ ಒಂದೇ. ಮನೆಯ ಬಾಗಿಲಲ್ಲಿ ತಿಳಿದೆವೋ ಶಾಲೆಯ ಬಾಗಿಲಲ್ಲಿ ತಿಳಿದೆವೋ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ.

ಮೂರನೆಯ ಕಾರಣ, ಮಾತನ್ನು ಹಿಂದುಮುಂದು ಮಾಡುವುದು. ‘ತರ್ಕಸಂಗ್ರಹ’ ಓದಿದ ಪ್ರತಿಯೊಬ್ಬ ವಟುವಿಗೂ ಇದು ಗೊತ್ತು. ಹೊಗೆಯಿರುವಲ್ಲಿ ಬೆಂಕಿಯಿದೆ; ಆದರೆ ಬೆಂಕಿಯಿರುವಲ್ಲೆಲ್ಲ ಹೊಗೆಯಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯೆಲ್ಲಿದೆ? ಬೆಂಕಿಯಿಂದ ಹೊಗೆಯನ್ನು ಊಹಿಸಬೇಕಾದರೆ ‘ಹಸಿ ಸೌದೆಯಿದ್ದರೆ’ ಎಂಬ ಷರತ್ತು ಸೇರಬೇಕು. ಅದನ್ನೇ ನೈಯಾಯಿಕರು ‘ಉಪಾಧಿ’ ಎಂದರು. ಗುಂಡ್ಲುಪೇಟೆಯವರಿಗೆ ಇದನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ಬೆಳ್ಳಗೆ ಏನೋ ಕವಿದರೆ ಮಳೆಗಾಲದಲ್ಲಿ ಯಾರೂ ಬೆದರುವುದಿಲ್ಲ, ಅದು ಮಂಜು. ಬಂಡೀಪುರದ ಕಾಡು ಹೊತ್ತಿ ಉರಿದ ೨೦೧೯ರ ಫೆಬ್ರವರಿಯಂಥ ಬಿರುಬೇಸಗೆಯ ಮುಂಚಿನ ದಿನಗಳಲ್ಲಿ ಅದೇ ಬಿಳುಪು ಕಂಡರೆ ಎದೆ ನಡುಗುತ್ತದೆ. ಗುರುತು ಒಂದೇ, ಕಾಲ ಬೇರೆ. ಕಾಲವನ್ನು ಬಿಟ್ಟು ಗುರುತನ್ನಷ್ಟೇ ನೋಡಿದರೆ ಮೋಸ ಹೋಗುತ್ತೇವೆ.

ವೈದ್ಯಕೀಯ ತಪಾಸಣೆಗಳಲ್ಲಿ ಆಗುವುದೂ ಇದೇ. ಸಾವಿರ ಜನರಲ್ಲಿ ಹತ್ತು ಮಂದಿಗೆ ಮಾತ್ರ ಒಂದು ರೋಗವಿದೆ ಎಂದಿಟ್ಟುಕೊಳ್ಳೋಣ. ಪರೀಕ್ಷೆಯು ಆ ಹತ್ತರಲ್ಲಿ ಒಂಬತ್ತನ್ನು ಹಿಡಿಯುತ್ತದೆ. ಆದರೆ ರೋಗವಿಲ್ಲದ ನೂರರಲ್ಲಿ ಐವರನ್ನು ತಪ್ಪಾಗಿ ‘ಇದೆ’ ಎನ್ನುತ್ತದೆ. ರೋಗವಿಲ್ಲದ ೯೯೦ ಮಂದಿಯಲ್ಲಿ ಸುಮಾರು ಐವತ್ತು ಜನ ಹೀಗೆ ಸಿಕ್ಕಿಬೀಳುತ್ತಾರೆ. ‘ಇದೆ’ ಎನಿಸಿಕೊಂಡ ಐವತ್ತೊಂಬತ್ತು ಮಂದಿಯಲ್ಲಿ ನಿಜವಾದ ರೋಗಿಗಳು ಒಂಬತ್ತೇ. ‘ರೋಗವಿದ್ದರೆ ಪರೀಕ್ಷೆ ಹಿಡಿಯುವ ಸಂಭವ’ ಬೇರೆ, ‘ಪರೀಕ್ಷೆ ಹಿಡಿದರೆ ರೋಗವಿರುವ ಸಂಭವ’ ಬೇರೆ. ಆದಕಾರಣ ಮೊದಲ ಚೀಟಿಗೇ ಧೈರ್ಯಗೆಡದೆ, ಅದನ್ನು ಕಡೆಗಣಿಸದೆಯೂ, ವೈದ್ಯರು ಹೇಳಿದ ಎರಡನೆಯ ಪರೀಕ್ಷೆಯನ್ನು ಮಾಡಿಸಬೇಕು.

ಅಂದು ಜಗಲಿಯ ಅಂಚಿನಲ್ಲಿ ಬಿಳಿಗಿರಿರಂಗನ ಬೆಟ್ಟದ ಕಡೆಯ ಸೋಲಿಗ ತರುಣನೊಬ್ಬ ಕುಳಿತಿದ್ದ. ಆಟ ಮುಗಿದ ಮೇಲೆ ಮೆಲ್ಲನೆ ಕೇಳಿದ: “ಗುರುಗಳೇ, ನಮ್ಮಣ್ಣನಿಗೆ ಸಿಕಲ್ ಸೆಲ್ ಕಾಯಿಲೆ. ನಾನು ಚೆನ್ನಾಗಿದ್ದೇನೆ. ಮನೆಯಲ್ಲಿ ನನ್ನ ಮದುವೆಯ ಮಾತು ನಡೆದಿದೆ. ಆ ದೋಷ ನನ್ನೊಳಗೂ ಅಡಗಿರುವ ಸಂಭವ ಎಷ್ಟು?”

ಅಲ್ಲಿದ್ದ ಯಾರಿಗೂ ಆಗ ನಗು ಬರಲಿಲ್ಲ.

ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ನೋವು, ರಕ್ತಹೀನತೆಗಳನ್ನು ತರುವ ಈ ಕಾಯಿಲೆ ವಂಶವಾಹಿಯಿಂದ ಬರುವಂಥದು. ಭಾರತದಲ್ಲಿ ಇದು ಇರುವುದು ೧೯೫೨ರಲ್ಲಿ ಮೊದಲು ವರದಿಯಾದದ್ದು ಗುಂಡ್ಲುಪೇಟೆಗೆ ನೆರೆಯಾದ ನೀಲಗಿರಿಯ ಗುಡ್ಡಗಾಡಿನ ಜನರಲ್ಲಿ. ನಮ್ಮ ಜಿಲ್ಲೆಯ ಸೋಲಿಗರಲ್ಲಿಯೂ ಇದು ಕಂಡುಬರುತ್ತದೆ. ಇದನ್ನು ೨೦೪೭ರ ಹೊತ್ತಿಗೆ ನಿವಾರಿಸುವ ಗುರಿಯಿಟ್ಟು ಕೇಂದ್ರ ಸರ್ಕಾರ ೨೦೨೩ರ ಜುಲೈ ೧ರಂದು ರಾಷ್ಟ್ರೀಯ ಯೋಜನೆಯೊಂದನ್ನು ಆರಂಭಿಸಿತು. ತಂದೆಯಿಂದೊಂದು, ತಾಯಿಯಿಂದೊಂದು ಹೀಗೆ ಎರಡೂ ದೋಷದ ಅಂಶಗಳು ಕೂಡಿದರೆ ಕಾಯಿಲೆ. ಒಂದೇ ಇದ್ದರೆ ಆತ ವಾಹಕ, ಸಾಮಾನ್ಯವಾಗಿ ಆರೋಗ್ಯವಂತನೇ.

ನನ್ನ ಬಾಯಿಗೆ ‘ಅರ್ಧ’ ಎಂಬ ಮಾತೇ ಬಂದಿತ್ತು. ಬಟ್ಟಲುಗಳನ್ನು ನೋಡಿ ತಡೆದುಕೊಂಡೆ. ಮೇಷ್ಟ್ರು ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಬರೆದರು. ತಂದೆತಾಯಿ ಇಬ್ಬರೂ ಆರೋಗ್ಯವಂತರು, ಮಗನಿಗೆ ಕಾಯಿಲೆ. ಆದ್ದರಿಂದ ಇಬ್ಬರೂ ವಾಹಕರು. ಅವರ ಪ್ರತಿ ಮಗುವಿಗೂ ನಾಲ್ಕು ಸಮಾನ ದಾರಿಗಳು: ಎರಡೂ ಒಳ್ಳೆಯವು, ತಂದೆಯದು ದೋಷ, ತಾಯಿಯದು ಒಳ್ಳೆಯದು, ತಾಯಿಯದು ದೋಷ, ತಂದೆಯದು ಒಳ್ಳೆಯದು, ಎರಡೂ ದೋಷ. ಈ ತರುಣ ಆರೋಗ್ಯವಾಗಿರುವುದರಿಂದ ಕೊನೆಯ ದಾರಿ ಅಳಿಸಿಹೋಯಿತು. ಉಳಿದ ಮೂರೂ ದಾರಿಗಳು ಆರೋಗ್ಯವನ್ನೇ ಕೊಡುವುದರಿಂದ ಅವುಗಳ ಸಮಾನತೆ ಕೆಡಲಿಲ್ಲ. ಆ ಮೂರರಲ್ಲಿ ಎರಡು ವಾಹಕತ್ವದವು. ಹೀಗೆ ಸಂಭವ ಮೂರರಲ್ಲೆರಡು, ನಾಲ್ಕರಲ್ಲೆರಡಲ್ಲ.

“ಹಾಗಾದರೆ ನಾಲ್ಕರಲ್ಲೊಬ್ಬರಿಗೆ ಕಾಯಿಲೆ ಅನ್ನೋದು ನಮ್ಮಣ್ಣನಲ್ಲೇ ತೀರಿಹೋಯಿತಲ್ಲವೇ?” ಎಂದ ತರುಣ. ಅನೇಕ ಮನೆಗಳಲ್ಲಿ ಜನರನ್ನು ಅಪಾಯಕ್ಕೆ ತಳ್ಳುವ ಭ್ರಮೆ ಇದೇ. ಅಣ್ಣನ ಕಾಯಿಲೆ ತಂದೆತಾಯಿಗಳು ವಾಹಕರೆಂದು ತಿಳಿಸಿತು, ಅಷ್ಟೇ. ಅಂಥ ದಂಪತಿಗಳಿಗೆ ಹುಟ್ಟುವ ಮುಂದಿನ ಮಗುವಿಗೂ ಅದೇ ನಾಲ್ಕರಲ್ಲೊಂದು ಅಪಾಯ ಹೊಸದಾಗಿ ನಿಲ್ಲುತ್ತದೆ. ಒಂದು ಮಗು ಇನ್ನೊಂದು ಮಗುವಿನ ಸಾಲವನ್ನು ತೀರಿಸುವುದಿಲ್ಲ.

ಮೇಷ್ಟ್ರು ಕಡೆಗೊಂದು ಮಾತು ಸೇರಿಸಿದರು: “ಮೂರರಲ್ಲೆರಡು ಅನ್ನೋದು ನಮ್ಮ ಅಜ್ಞಾನದ ಅಳತೆ ಅಪ್ಪಾ, ನಿನ್ನ ಹಣೆಬರಹವಲ್ಲ. ರಕ್ತಪರೀಕ್ಷೆ ಮಾಡಿಸಿದರೆ ಹೌದೋ ಅಲ್ಲವೋ ಎಂದೇ ತಿಳಿಯುತ್ತದೆ. ನೀನು ವಾಹಕನಾದರೂ ಚಿಂತೆಯಿಲ್ಲ, ಹುಡುಗಿಯೂ ಪರೀಕ್ಷೆ ಮಾಡಿಸಿಕೊಳ್ಳಲಿ. ಆಕೆಯಲ್ಲಿ ಅಂಥ ದೋಷ ಯಾವುದೂ ಇಲ್ಲದಿದ್ದರೆ ನಿಮ್ಮ ಮಕ್ಕಳಿಗೆ ಈ ಕಾಯಿಲೆ ಬಾರದು.” ತರುಣ ನೆಲದ ಮೇಲಿನ ಬರಹವನ್ನು ಬಹಳ ಹೊತ್ತು ನೋಡಿದ. “ನಾಳೆಯೇ ಆಸ್ಪತ್ರೆಗೆ ಹೋಗುತ್ತೇನೆ” ಎಂದು ಎದ್ದ.

ಬಂಧುಗಳೇ, ವಾದ ಮಾಡುವುದು ತಪ್ಪಲ್ಲ. ಅನುಭವ ಮಂಟಪದ ಪರಂಪರೆಯವರಾದ ನಮಗೆ ಅದು ಭೂಷಣವೇ ಸರಿ. ಆದರೆ ವಾದಕ್ಕೆ ಇಳಿಯುವ ಮುನ್ನ ಮೂರು ಮಾತು ಕೇಳಿಕೊಳ್ಳೋಣ. ನಾವಿಬ್ಬರೂ ಒಂದೇ ಪ್ರಶ್ನೆಗೆ ಉತ್ತರ ಹೇಳುತ್ತಿದ್ದೇವೆಯೇ? ಈ ಸುದ್ದಿ ನಮಗೆ ಯಾವ ದಾರಿಯಿಂದ ಬಂದಿತು? ಹೊಗೆಯಿಂದ ಬೆಂಕಿಯನ್ನು ಊಹಿಸುತ್ತಿದ್ದೇವೆಯೋ, ಬೆಂಕಿಯಿಂದ ಹೊಗೆಯನ್ನೋ? ಈ ಮೂರಕ್ಕೂ ಉತ್ತರ ಸಿಕ್ಕಿದ ಮೇಲೆಯೂ ಒಮ್ಮತ ಬಾರದಿದ್ದರೆ ಮನೆಯಲ್ಲಿ ಮೂರು ಬಟ್ಟಲು, ಒಂದು ಅರಿಸಿನದ ಕೊಂಬು ಇದ್ದೇ ಇರುತ್ತವೆ. ಮಕ್ಕಳನ್ನು ಕೂಡಿಸಿಕೊಂಡು ಮೂವತ್ತು ಬಾರಿ ಆಡಿ ನೋಡಿ. ಅರವತ್ತು ದಾಟಿದ ನಾನು ಅಂದು ಹಾಗೆಯೇ ಕಲಿತೆ. ಸೋತೆನೆಂದು ನನಗೆ ಈಗ ನಾಚಿಕೆಯಿಲ್ಲ.