ತಿಜೋರಿಯಲ್ಲಿ ಉಳಿದ ಜರಿ ಸೀರೆಗಳು: ಯಾರಿಗೆ ಕೊಡುವುದು, ಹೇಗೆ ಕೊಡುವುದು?

ದಶಲಕ್ಷಣ ಪರ್ವದ ಎಂಟನೆಯ ದಿನ ಉತ್ತಮ ತ್ಯಾಗ, ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ. ಈ ಎರಡು ದಿನ ಪ್ರವಚನ ಮುಗಿದ ಮೇಲೆ ಬಸದಿಯ ಅಂಗಳದಲ್ಲಿ ಪ್ರತಿ ವರ್ಷ ಯಾರಾದರೂ ನನ್ನನ್ನು ಕೇಳುತ್ತಾರೆ: "ಕಾಕಾ, ಮನೆಯಲ್ಲಿ ಉಡದ ರೇಷ್ಮೆ ಸೀರೆ ಬಹಳ ಇವೆ. ಏನು ಮಾಡೋದು?" ನಾನು ಬೆಳಗಾವಿ ಭಾಗದಲ್ಲಿ ನಲವತ್ತು ವರ್ಷ ಜವಳಿ ಅಂಗಡಿ ನಡೆಸಿದವನು. ಆದ್ದರಿಂದ ಪ್ರಶ್ನೆ ನನ್ನ ಬಳಿಗೇ ಬರುತ್ತದೆ. ಅಂಗಳದಲ್ಲಿ ನಿಂತು ಹೇಳುವ ಮಾತನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆದಿದ್ದೇನೆ.

ಮೊದಲು ನನ್ನ ಮನೆಯ ಲೆಕ್ಕ ಹೇಳಿಬಿಡುತ್ತೇನೆ. ಹೋದ ವರ್ಷ ಚಾತುರ್ಮಾಸದಲ್ಲಿ ನಮ್ಮ ಮನೆಯವರು ತಿಜೋರಿ ತೆಗೆದು ಎಲ್ಲ ಸೀರೆಗಳನ್ನೂ ಮಂಚದ ಮೇಲೆ ಹರವಿದರು. ರೇಷ್ಮೆಯವೇ 58 ಇದ್ದವು. ಹಿಂದಿನ ಒಂದು ವರ್ಷದಲ್ಲಿ ಉಟ್ಟದ್ದು ಎಷ್ಟು ಎಂದು ಕೇಳಿದೆ. ಬೆರಳು ಮಡಚಿ ಎಣಿಸಿದರು, ಏಳು. ಉಳಿದವುಗಳಲ್ಲಿ ಅರ್ಧದಷ್ಟು ನಾನೇ ಅಂಗಡಿಯಿಂದ "ಖರೀದಿ ಬೆಲೆಗೇ ಸಿಕ್ಕಿತು" ಎಂದು ತಂದವು. ಅಂಗಡಿಯಲ್ಲಿ ಎರಡು ವರ್ಷ ಓಡದ ಮಾಲನ್ನು ರಿಯಾಯಿತಿ ಹಾಕಿ ಕಳಿಸಿಬಿಡುವ ನಾನು, ಮನೆಯಲ್ಲಿ ಮೂವತ್ತು ವರ್ಷದ ಮಾಲನ್ನು ಇಟ್ಟುಕೊಂಡು ಕೂತಿದ್ದೆ. ಕೆಳಗಿನಿಂದ ಒಂದು ಕಂಚಿ ಸೀರೆ ಎತ್ತಿದಾಗ ಅದು ಮಡಿಕೆಯ ಜಾಗದಲ್ಲಿ ಸದ್ದಿಲ್ಲದೆ ಸೀಳಿತು. ಮಗನಿಗೆ ಹೆಸರಿಟ್ಟ ದಿನ ಉಟ್ಟದ್ದು, ಆಮೇಲೆ ಹಾಳಾದೀತೆಂದು ಉಡಲೇ ಇಲ್ಲ. ಮನೆಯವರು ಏನೂ ಮಾತಾಡಲಿಲ್ಲ, ಅದನ್ನು ಹಾಗೆಯೇ ಮಡಚಿ ಬದಿಗಿಟ್ಟರು. ಅಂಥವು ಮೂರು ಸಿಕ್ಕವು.

ಇಟ್ಟ ಸೀರೆ ಇಟ್ಟಂತೆಯೇ ಇರುತ್ತದೆ ಎಂಬುದು ನಮ್ಮ ದೊಡ್ಡ ತಪ್ಪು ತಿಳುವಳಿಕೆ. ಅಸಲಿ ಜರಿ ಎಂದರೆ ರೇಷ್ಮೆ ನೂಲಿನ ಮೇಲೆ ಚಪ್ಪಟೆ ಬೆಳ್ಳಿ ತಂತಿಯನ್ನು ಸುತ್ತಿ, ಮೇಲೆ ಬಂಗಾರದ ತೆಳು ಲೇಪ ಕೊಟ್ಟದ್ದು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಆ ಲೋಹದ ಭಾರಕ್ಕೆ ರೇಷ್ಮೆಯ ಎಳೆ ಅಲ್ಲಿಯೇ ಕಡಿಯುತ್ತದೆ. ಗಾಳಿಯಲ್ಲಿರುವ ಗಂಧಕದ ಅಂಶಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಮಳೆಗಾಲದ ತೇವ ಒಳಗೇ ಉಳಿಯುತ್ತದೆ. ಜರಿಗೆ ತಾಗುವಂತೆ ನುಸಿ ಗುಳಿಗೆ ಇಡುವುದೂ ಸರಿಯಲ್ಲ. ಇಟ್ಟುಕೊಳ್ಳುವುದೇ ಆದರೆ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ನೆರಳಿನ ಗಾಳಿಗೆ ಹರವಬೇಕು. 58 ಸೀರೆಗೆ ಇದನ್ನು ಯಾರು ಮಾಡುತ್ತಾರೆ? ಏಳೆಂಟಕ್ಕಾದರೆ ಮಾಡಬಹುದು.

ಶಾಸ್ತ್ರದ ಮಾತನ್ನು ನಾನು ಹೇಳಹೊರಟರೆ ಪಂಡಿತರು ನಕ್ಕಾರು, ಆದರೂ ಸ್ವಾಧ್ಯಾಯದಲ್ಲಿ ಕೇಳಿದ್ದನ್ನು ಹೇಳುತ್ತೇನೆ. ಶ್ರಾವಕರು ಮಿತಿ ಹಾಕಿಕೊಳ್ಳಬೇಕಾದ ಪರಿಗ್ರಹಗಳ ಪಟ್ಟಿಯಲ್ಲಿ ಹೊಲ, ಮನೆ, ಬಂಗಾರ, ಧಾನ್ಯಗಳ ಜೊತೆಗೆ 'ಕುಪ್ಯ' ಎಂಬುದೂ ಇದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಹತ್ತಿ ಬಟ್ಟೆ, ರೇಷ್ಮೆ ಬಟ್ಟೆಗಳನ್ನು ಇದರಲ್ಲಿಯೇ ಸೇರಿಸಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಊಟದಂತೆ ಒಮ್ಮೆ ಬಳಸಿ ಮುಗಿಯುವುದು ಭೋಗ, ಬಟ್ಟೆಯಂತೆ ಮತ್ತೆ ಮತ್ತೆ ಬಳಸುವುದು ಉಪಭೋಗ ಎಂಬ ವಿಂಗಡಣೆ ಇದೆ. ಹಾಗಾದರೆ ಉಡದೇ ಇಟ್ಟ ಸೀರೆ ಯಾವುದಕ್ಕೆ ಸೇರಿತು? ಅದು ಉಪಭೋಗವೂ ಅಲ್ಲ. ಅದೇ ಗ್ರಂಥದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹ ಎಂಬುದು ಒಂದು. ನನಗೆ ಉತ್ತರ ಅಲ್ಲಿಯೇ ಸಿಕ್ಕಿತು.

ಇನ್ನು ಕೊಡುವ ವಿಷಯ. ತಪ್ಪು ಜಾಗಕ್ಕೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು 2019ರ ಆಗಸ್ಟಿನ ನೆರೆಯಲ್ಲಿ ಕಣ್ಣಾರೆ ಕಂಡೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ತುಂಬಿ ಹರಿದಾಗ ನಾವು ಕೆಲವರು ಪರಿಹಾರ ಕೇಂದ್ರದಲ್ಲಿ ಬಟ್ಟೆ ವಿಂಗಡಿಸುತ್ತಿದ್ದೆವು. ಊರೂರುಗಳಿಂದ ಮೂಟೆಗಳು ಬಂದವು. ಬಿಚ್ಚಿದರೆ ಹರಳು ಅಂಟಿಸಿದ ಪಾರ್ಟಿ ಸೀರೆಗಳು, ಮಿರುಗುವ ಲೆಹೆಂಗಾಗಳು, ಒಬ್ಬರ ಶೇರವಾನಿ ಕೂಡ. ಮೊಳಕಾಲು ಕೆಸರಿನಲ್ಲಿ ಮನೆ ತೊಳೆಯುವ ಹೆಣ್ಣುಮಗಳಿಗೆ ಬೇಕಾಗಿದ್ದದ್ದು ನೂಲಿನ ಸೀರೆ, ಒಳಲಂಗ, ಟವೆಲು, ಹಾಸಿಗೆ, ಕೌದಿ. ಅವು ಮಧ್ಯಾಹ್ನದೊಳಗೆ ಖಾಲಿ. ಮಿರುಗುವವು ಶಾಲೆಯ ಜಗುಲಿಯ ಮೇಲೆ ಮಳೆಗೆ ನೆನೆದು ಬೂಸ್ಟು ಹಿಡಿದವು. ಕೊಟ್ಟವರು ಮಾತ್ರ ದಾನ ಮಾಡಿದೆವೆಂದು ನೆಮ್ಮದಿಯಿಂದ ಇದ್ದಿರಬೇಕು.

ಬಸದಿಗೆ ಒಪ್ಪಿಸಿಬಿಡುತ್ತೇವೆ ಎನ್ನುವವರಿಗೂ ಒಂದು ಮಾತು. ಮಾತಾಜಿಯವರು ಧರಿಸುವುದು ಒಂದು ಬಿಳಿ ಸೀರೆ, ನಮ್ಮ ಜರಿ ಅವರಿಗೆ ಬೇಕಿಲ್ಲ. ಪದ್ಮಾವತಿ ಅಮ್ಮನವರಿಗೆ ಸೀರೆ ಅರ್ಪಿಸುವ ಪದ್ಧತಿ ಇದೆ, ಆದರೆ ಉಟ್ಟು ಬಿಟ್ಟದ್ದು ಅದಕ್ಕಲ್ಲ. ಮೊದಲು ಸಮಿತಿಯವರನ್ನು ಕೇಳಿ. ನಮ್ಮ ತಿಜೋರಿಯ ಭಾರ ಬಸದಿಯ ಕಪಾಟಿಗೆ ಹೋದರೆ ಏನು ಬಂತು?

ಬೆಲೆಬಾಳುವ ಸೀರೆ ಹೋಗಬೇಕಾದದ್ದು ಮದುವೆ ಇರುವ ಮನೆಗೆ. ನಮ್ಮ ಅಂಗಡಿಯಲ್ಲಿ ಬಹಳ ವರ್ಷ ದುಡಿದವರ ಮಗಳಿಗೆ ಮದುವೆ ಗೊತ್ತಾಗಿತ್ತು. ನಾವೇ ಆರಿಸಿ ಕೊಡಲಿಲ್ಲ. ಡ್ರೈ ಕ್ಲೀನ್ ಮಾಡಿಸಿ, ಹಳೆಯ ಫಾಲ್ ಬಿಚ್ಚಿಸಿ ಹೊಸದು ಹಚ್ಚಿಸಿ, ಹತ್ತು ಸೀರೆ ಇಟ್ಟು, ತಾಯಿ-ಮಗಳನ್ನು ಮನೆಗೆ ಕರೆದೆವು. ನಾಲ್ಕು ಜನರ ಎದುರಿಗೆ ಕೊಡುವುದು, ಫೋಟೋ ತೆಗೆಯುವುದು ಬೇಡವೆಂದು ಮನೆಯವರು ಮೊದಲೇ ಹೇಳಿದ್ದರು. ಎಲ್ಲಕ್ಕಿಂತ ದುಬಾರಿಯ ಕಂಚಿ ಸೀರೆಯನ್ನೇ ಆ ಹುಡುಗಿ ತೆಗೆದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಎತ್ತಿಕೊಂಡದ್ದು ಗಿಳಿಹಸಿರಿನ ಹಗುರ ಮೈಸೂರು ರೇಷ್ಮೆ. "ಅಷ್ಟು ಭಾರದ್ದು ಉಟ್ಟುಕೊಂಡು ಎಲ್ಲಿಗೆ ಹೋಗಲಿ ಕಾಕಾ" ಅಂದಳು.

ಸೀಳಿದ ಸೀರೆಗಳನ್ನು ಮಾರಬಹುದು, ಆದರೆ ಮನೆ ಬಾಗಿಲಿಗೆ ಬರುವವರಿಗೆ ಅವಸರದಲ್ಲಿ ಕೊಡಬೇಡಿ. ಅವರಿಗೆ ಬೇಕಾದದ್ದು ಸೀರೆಯಲ್ಲ, ಬೆಳ್ಳಿ. ಸುಟ್ಟು, ಬೂದಿ ಕರಗಿಸಿ ತೆಗೆಯುತ್ತಾರೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಸೆರಗಿನ ತುದಿಯ ಒಂದು ಜರಿ ಎಳೆ ಬಿಡಿಸಿ ಉಗುರಿನಿಂದ ಕೆರೆಯಿರಿ. ಒಳಗೆ ಕೆಂಪು ಅಥವಾ ಹಳದಿ ರೇಷ್ಮೆ, ಮೇಲೆ ಬಿಳಿ ಹೊಳಪು ಕಂಡರೆ ಬೆಳ್ಳಿ ಇರುವ ಸಾಧ್ಯತೆ ಹೆಚ್ಚು. ತಂತಿಯೇ ಕೆಂಪಾಗಿದ್ದರೆ ತಾಮ್ರ. ಬೆಂಕಿ ತೋರಿಸಿದಾಗ ಕರಗಿ ಗಟ್ಟಿ ಮಣಿಯಾದರೆ ಅದು ಪ್ಲಾಸ್ಟಿಕ್ ಜರಿ, ಅದಕ್ಕೆ ಬೆಲೆಯಿಲ್ಲ. ನಂತರ ಬಂಗಾರದ ಅಂಗಡಿಯಲ್ಲಿ ಯಂತ್ರದಿಂದ ಬೆಳ್ಳಿಯ ಪ್ರಮಾಣ ನೋಡಿಸಿ, ಎರಡು ಕಡೆ ದರ ಕೇಳಿ. ಅಂಚು ಚೆನ್ನಾಗಿದ್ದು ಒಡಲು ಮಾತ್ರ ಹೋಗಿದ್ದರೆ ಅಂಚನ್ನು ಬಿಡಿಸಿ ಹೊಸ ಬಟ್ಟೆಗೆ ಕೂಡಿಸಿ ಕೊಡುವ ದರ್ಜಿಗಳಿದ್ದಾರೆ.

ಯುವಕರು ಕೇಳುವ ಪ್ರಶ್ನೆ ಬೇರೆ. ರೇಷ್ಮೆಯೇ ಹಿಂಸೆಯದಲ್ಲವೇ, ಅದನ್ನು ಇನ್ನೊಬ್ಬರಿಗೆ ಕೊಟ್ಟರೆ ಅನುಮೋದನೆಯ ದೋಷ ಬರುವುದಿಲ್ಲವೇ? ಪ್ರಶ್ನೆ ಸಣ್ಣದಲ್ಲ. ಒಂದು ಕಿಲೋ ನೂಲಿಗೆ ಸುಮಾರು ಏಳು ಕಿಲೋ ಗೂಡು ಬೇಕು. ಅಂದರೆ ಅರ್ಧ ಕಿಲೋ ತೂಗುವ ಸೀರೆಯ ಹಿಂದೆ ಎರಡು ಸಾವಿರದಷ್ಟು ಜೀವಗಳು ಬಿಸಿಗೆ ಸತ್ತಿರುತ್ತವೆ. ಚಿಟ್ಟೆ ಹೊರಗೆ ಹಾರಿದ ಮೇಲೆ ನೂಲು ತೆಗೆಯುವ ಅಹಿಂಸಾ ರೇಷ್ಮೆಯನ್ನು ಹೈದರಾಬಾದಿನ ಕುಸುಮ ರಾಜಯ್ಯ ಅವರು ಪ್ರಚಾರಕ್ಕೆ ತಂದರು, ಆದರೆ ನಮ್ಮ ತಿಜೋರಿಯಲ್ಲಿರುವುದು ಅದಲ್ಲ. ನನ್ನ ಅಭಿಪ್ರಾಯ ಇಷ್ಟು: ಆಗಿಹೋದದ್ದನ್ನು ಇನ್ನೊಬ್ಬರು ಉಟ್ಟು ಅವರ ಮನೆಯ ಒಂದು ಹೊಸ ಖರೀದಿ ತಪ್ಪಿದರೆ ದೋಷವಿಲ್ಲ. ಖಾಲಿಯಾದ ಜಾಗಕ್ಕೆ ನಾವು ಹೊಸದು ತಂದರೆ ದೋಷ ಇದ್ದೇ ಇದೆ. ದುಬಾರಿ ಚರ್ಮದ ಬ್ಯಾಗಿಗೂ ಇದೇ ಮಾತು. ಹಳೆಯದನ್ನು ಆನ್‌ಲೈನಿನಲ್ಲಿ ಮಾರಿ, ಆ ಹಣಕ್ಕೆ ಇನ್ನಷ್ಟು ಕೂಡಿಸಿ ಹೊಸದು ತರುವುದನ್ನು ಈಗ ತ್ಯಾಗ ಎನ್ನುತ್ತಾರೆ. ನಮ್ಮ ಅಂಗಡಿ ಭಾಷೆಯಲ್ಲಿ ಅದು ಅದಲು ಬದಲು.

ನಮ್ಮ ಮನೆಯವರು ಒಂದು ವರ್ಷ ಹೊಸ ರೇಷ್ಮೆ ಬೇಡವೆಂದು ನಿಯಮ ತೆಗೆದುಕೊಂಡರು. ಜೀವನಪೂರ್ತಿಯ ಯಮವಲ್ಲ, ಕಾಲಮಿತಿಯ ನಿಯಮ. ಜವಳಿ ವ್ಯಾಪಾರಿಯ ಹೆಂಡತಿ ಹೀಗೆ ಮಾಡಿದರೆ ಗಿರಾಕಿಗಳು ಏನೆಂದಾರು ಎಂದು ನನಗೆ ಒಳಗೊಳಗೇ ಅಳುಕಿತ್ತು, ಸುಳ್ಳೇಕೆ ಹೇಳಲಿ. ಈಗ ತಿಜೋರಿಯಲ್ಲಿ 11 ಸೀರೆ ಇವೆ. ಅವರ ತಾಯಿಯ ಕೆಂಪು ಬನಾರಸಿಯೂ ಅದರಲ್ಲಿ ಒಂದು. ಉಡಲು ಬರುವುದಿಲ್ಲ, ಅಂಚು ಪೂರ್ತಿ ಸವೆದಿದೆ. ಅದರ ಬಗ್ಗೆ ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಕೆಳಗಿನ ಕಪ್ಪಿನಲ್ಲಿ ನನ್ನ ಸೂಟು ನೇತಾಡುತ್ತಿದೆ, ಮಗನ ಮದುವೆಗೆ ಹೊಲಿಸಿದ್ದು. ಹೊಟ್ಟೆಯ ಹತ್ತಿರ ಗುಂಡಿ ಹತ್ತದೆ ಆರು ವರ್ಷವಾಯಿತು. "ಅದು ಯಾವಾಗ?" ಎಂದು ಮನೆಯವರು ಕೇಳಿದ್ದಾರೆ. ದರ್ಜಿಗೆ ತೋರಿಸಿ ಬಂದೆ. ಅಂಗಡಿಯ ಹುಡುಗನಿಗೆ ತೋಳು ಒಂದು ಇಂಚು ಕಡಿಮೆ ಮಾಡಿದರೆ ಸಾಕಂತೆ, ಅವನ ಮದುವೆ ದೀಪಾವಳಿಯ ನಂತರ.